ಡಿಸ್ಕ್ ನಿಧಾನವೋ, ದಾರಿ ನಿಧಾನವೋ?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಗದಗಿಗೆ ಮುದ್ರಣಕಾಶಿ ಅಂತ ಹೆಸರು. ಇಲ್ಲಿನ ಪ್ರೆಸ್‌ಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಡೋದು ನನ್ನ ಕೆಲಸ. ಹಳೇ ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಪೋಸ್ಟರ್ ಎಷ್ಟೋ ಇನ್ನೂ ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲೇ ಇವೆ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಳಕೆಗೆ ಬರೋದಕ್ಕೆ ಮೊದಲಿನ ಕನ್ನಡ ಫಾಂಟ್‌ಗಳಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಏನೇನೋ ಚಿಹ್ನೆ ಕಾಣುತ್ತವೆ. ಅದಕ್ಕೇ ಹೊಸ ಕಂಪ್ಯೂಟರಿನ ಒಳಗೆ, ಒಂದು ಕಿಟಕಿಯಲ್ಲಿ, ಹಳೇ ವಿಂಡೋಸ್ 7 ಓಡಿಸುತ್ತೇವೆ. ಇದೇ ವರ್ಚುವಲ್ ಮಷೀನ್.

ಲಗ್ನದ ಸೀಸನ್ನಿನಲ್ಲಿ ಬೆಟಗೇರಿಯ ಪ್ರೆಸ್ ಮಾಲೀಕರೊಬ್ಬರು ಫೋನ್ ಮಾಡಿದರು. 'ತಮ್ಮಾ, ಇಪ್ಪತ್ತು ಜಿಬಿ ಕಾಪಿ ಆಗಾಕ ಐದು ತಾಸು ತೋರಸಾಕತ್ತೈತಿ. ಡಿಸ್ಕ್ ಹೋತೇನು? ಹೊಸಾದು ತರಲೇನು?'

ಸ್ವಲ್ಪ ತಡೀರಿ ಅಂದೆ. ಹೋಗಿ ಮೊದಲು ಮಾಡಿದ್ದು ಒಂದೇ ಕೆಲಸ. ಹಳೇ ಫೈಲ್‌ಗಳಿದ್ದ ಯುಎಸ್‌ಬಿ ಡಿಸ್ಕನ್ನು ವರ್ಚುವಲ್ ಮಷೀನಿನಿಂದ ಬಿಡಿಸಿ, ಹೊರಗಿನ ಕಂಪ್ಯೂಟರಿನಲ್ಲೇ ತೆರೆದು ಒಂದು ಜಿಬಿಯ ಒಂದೇ ಫೈಲ್ ಕಾಪಿ ಮಾಡಿದೆ. ಹತ್ತು ಸೆಕೆಂಡಿನಲ್ಲಿ ಮುಗೀತು. ಅಂದರೆ ಡಿಸ್ಕ್ ಗಟ್ಟಿ ಇದೆ, ಕೇಬಲ್ಲೂ ಸರಿ ಇದೆ. ಈ ಪರೀಕ್ಷೆಗೆ ದೊಡ್ಡ ಫೈಲೇ ಬೇಕು. ಸಾವಿರಾರು ಸಣ್ಣ ಫೈಲ್ ಆದರೆ ಒಳ್ಳೇ ಡಿಸ್ಕ್ ಕೂಡ ತೆವಳುತ್ತದೆ. ಹೊರಗೂ ನಿಧಾನವೇ ಆಗಿದ್ದರೆ ಕೇಬಲ್, ಪೋರ್ಟ್ ಬದಲಿಸಿ ನೋಡಬೇಕಿತ್ತು.

ಹಾಗಾದರೆ ತೊಂದರೆ ಎಲ್ಲಿ? ನಡುವಿನ ದಾರಿಯಲ್ಲಿ. ಅಲ್ಲಿ ವರ್ಚುವಲ್ ಮಷೀನ್ ಓಡಿಸುತ್ತಿದ್ದ ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್. ಅದರ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಅಂತ ಒಂದು ಭಾಗವಿದೆ, ಅದರಲ್ಲಿ ಮೂರು ಆಯ್ಕೆ: 1.1, 2.0, 3.0. ಇಲ್ಲಿ 1.1 ಮೇಲೆ ಗುರುತು ಇತ್ತು. ಹಿಂದೆ ಮಷೀನ್ ಹಾಕಿಕೊಟ್ಟವನು ನಾನೇ, ಅದನ್ನು ನೋಡದೇ ಬಿಟ್ಟಿದ್ದೆ. 1.1 ಅಂದರೆ 1998ರ ದಾರಿ. ಸೆಕೆಂಡಿಗೆ 12 ಮೆಗಾಬಿಟ್ ಅದರ ಮಿತಿ, ಕೈಗೆ ಸಿಗೋದು ಹೆಚ್ಚುಕಡಿಮೆ ಒಂದು ಎಂಬಿ. ಇಪ್ಪತ್ತು ಜಿಬಿಗೆ ಲೆಕ್ಕ ಹಾಕಿ, ಐದೂವರೆ ತಾಸು! ಮಾಲೀಕರು ಹೇಳಿದ್ದು ಸರಿಯಾಗೇ ಇತ್ತು. 2.0 ದಾರಿಗೆ 480 ಮೆಗಾಬಿಟ್, 3.0ಕ್ಕೆ 5 ಗಿಗಾಬಿಟ್.

ಇದನ್ನು ಬದಲಿಸಲು ಒಳಗಿನ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಬೇಕು. ಸೇವ್ ಮಾಡಿ ನಿಲ್ಲಿಸಿದರೆ ಸಾಲದು, ಆಯ್ಕೆ ಬದಲಾಗೋದಿಲ್ಲ. ವರ್ಚುವಲ್‌ಬಾಕ್ಸ್ 7.0ಕ್ಕಿಂತ ಹಳೇದಾಗಿದ್ದರೆ 2.0, 3.0 ಬಳಸಲು ಎಕ್ಸ್‌ಟೆನ್ಷನ್ ಪ್ಯಾಕ್ ಅನ್ನೋ ಅದರ ಹೆಚ್ಚುವರಿ ಭಾಗವನ್ನು ಬೇರೆ ಹಾಕಬೇಕು.

ಜನ ಜಾಸ್ತಿ ಎಡವೋದು ಇಲ್ಲಿಂದ ಮುಂದೆ. ಸುಮ್ನೆ 3.0 ಆರಿಸಿದರೆ ವಿಂಡೋಸ್ 7ರಲ್ಲಿ ಡಿಸ್ಕೇ ಕಾಣೋದಿಲ್ಲ. ಆಗ ಗಾಬರಿ ಬೀಳಬೇಡಿ, ಡೇಟಾ ಎಲ್ಲೂ ಹೋಗಿರೋದಿಲ್ಲ. ವಿಂಡೋಸ್ 7ರಲ್ಲಿ 3.0 ನಡೆಸೋ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇರಲಿಲ್ಲ, ವಿಂಡೋಸ್ 8ರಿಂದ ಅದು ಜೊತೆಗೇ ಬಂತು ಅಷ್ಟೆ. ಡ್ರೈವರ್ ಬೇರೆ ಹಾಕಬಹುದು, ಇಲ್ಲವೇ 2.0ಗೆ ಇಳಿಯಬಹುದು. ನಾವು 2.0 ಇಟ್ಟೆವು. ಅಷ್ಟೂ ಫೈಲ್ ಅರ್ಧ ತಾಸಿನೊಳಗೆ ಬಂತು.

ಆದರೆ ಡಿಸ್ಕನ್ನು ಒಳಗೆ ಒಯ್ಯಲೇಬೇಕು ಅಂತೇನಿಲ್ಲ ಅಲ್ವಾ? ನನಗೆ ಹೆಚ್ಚು ಇಷ್ಟವಾದ ದಾರಿ ಶೇರ್ಡ್ ಫೋಲ್ಡರ್. ಡಿಸ್ಕ್ ಹೊರಗಿನ ಕಂಪ್ಯೂಟರಿಗೇ ಇರುತ್ತದೆ, ಅದರ ಪೂರ್ತಿ ವೇಗದಲ್ಲಿ. ಒಳಗಿನ ವಿಂಡೋಸಿನಲ್ಲಿ ಗೆಸ್ಟ್ ಅಡಿಷನ್ಸ್ ಅನ್ನೋ ವರ್ಚುವಲ್‌ಬಾಕ್ಸಿನ ಸಹಾಯಕ ಸಾಫ್ಟ್‌ವೇರ್ ಹಾಕಿದರೆ ಅದರ ಫೋಲ್ಡರ್ ಅಲ್ಲೂ ಕಾಣುತ್ತದೆ. ಸಣ್ಣ ಫೈಲ್ ರಾಶಿ ಇದ್ದರೆ ಜಿಪ್ ಮಾಡಿ ಕಳಿಸಿ. ಡಿಸ್ಕನ್ನೇ ಒಳಗೆ ಕೊಟ್ಟಿದ್ದರೆ ಮಾತ್ರ, ಕೀಳುವ ಮುನ್ನ ಒಳಗಿನ ವಿಂಡೋಸಿನಲ್ಲೇ ಸೇಫ್ಲಿ ರಿಮೂವ್ ಒತ್ತಿ. ಬರೆಯೋದು ಮುಗಿಯದೇ ಕಿತ್ತರೆ ಫೈಲ್ ಹಾಳಾಗಬಹುದು.

ಬೆಟಗೇರಿಯಲ್ಲಿ ಈಗ ಆ ಫೋಲ್ಡರಿಗೆ 'ಝಡ್' ಡ್ರೈವ್ ಅಂತ ಅಕ್ಷರ ಕೊಟ್ಟಿದ್ದೇವೆ. ಮಾಲೀಕರು ಅದನ್ನು ತೆರೆದು, ಒಂದು ಹಳೇ ಲಗ್ನಪತ್ರಿಕೆ ತೆಗೆದು, ಹೆಸರು, ತಾರೀಕು ತಿದ್ದಿ, ಆವತ್ತೇ ಪ್ರಿಂಟಿಗೆ ಕೊಟ್ಟರು. ಹೊಸ ಡಿಸ್ಕ್ ತರಲಿಲ್ಲ.

ನಮಸ್ಕಾರ.