200 ಗಿಡ, 380 ಸಾರ: ಔಷಧಿಯಾಗುವ ಗಿಡವನ್ನು ಹೇಗೆ ಆರಿಸುತ್ತಾರೆ?

ನಮಸ್ಕಾರ! ಗಿಡಗಳಿಂದ ಹೊಸ ಔಷಧಿ ಹುಡುಕುವವರು ಸಾವಿರಾರು ಗಿಡಗಳ ನಡುವೆ ಇದೊಂದನ್ನು ಹಿಡಿಯೋಣ ಅಂತ ಹೇಗೆ ತೀರ್ಮಾನಿಸುತ್ತಾರೆ? ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಇದು.

ಮೂಲ ವಿಷಯ ಬೇಗ ಹೇಳಿಬಿಡುತ್ತೇನೆ. ಗಿಡವನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲ್‌ನಲ್ಲೋ ನೆನೆಸಿದರೆ ಒಳಗಿನ ಅಂಶಗಳು ದ್ರವಕ್ಕೆ ಇಳಿಯುತ್ತವೆ. ಅದೇ ಸಾರ. ಅದು ರೋಗಾಣುವನ್ನು ಕೊಲ್ಲುತ್ತದೆಯೇ ಅಂತ ಪರೀಕ್ಷಿಸುತ್ತಾರೆ. ಅಷ್ಟೇ.

[ಪರದೆಯಲ್ಲಿ: ಬೀಜಿಂಗ್, 1969]

ಆಗ ಹಲವು ಕಡೆ ಮಲೇರಿಯಾ ರೋಗಾಣು ಕ್ಲೋರೋಕ್ವಿನ್ ಎಂಬ ಮದ್ದಿಗೆ ಬಗ್ಗುತ್ತಿರಲಿಲ್ಲ. ಹೊಸ ಮದ್ದಿಗಾಗಿ ಚೀನಾ ಸರ್ಕಾರ 1967ರಲ್ಲೇ ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತ್ತು. ಅದಕ್ಕೆ ಸೇರಿದ ವಿಜ್ಞಾನಿ ತೂ ಯೂಯೂ. ಅವರ ತಂಡ ಹಳೆಯ ಗ್ರಂಥಗಳನ್ನು ತಿರುವಿ, ವೈದ್ಯರನ್ನು ಕೇಳಿ, 2000ಕ್ಕೂ ಹೆಚ್ಚು ಮದ್ದುಗಳ ವಿವರ ಕಲೆಹಾಕಿತು. ಸುಮಾರು 200 ಗಿಡಗಳಿಂದ 380 ಸಾರ ತೆಗೆದು, ಮಲೇರಿಯಾ ಹತ್ತಿಸಿದ ಇಲಿಗಳ ಮೇಲೆ ಪರೀಕ್ಷಿಸಿತು.

ಗಿಡ 200, ಸಾರ 380. ಈ ವ್ಯತ್ಯಾಸ ನೋಡಿ! ಒಂದೇ ಗಿಡದಿಂದ ಬೇರೆ ಬೇರೆ ರೀತಿ ತೆಗೆದರೆ ಬೇರೆ ಬೇರೆ ಸಾರ ಸಿಗುತ್ತದೆ.

ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಚೆನ್ನಾಗಿ ಕೆಲಸ ಮಾಡಿತು. ಮತ್ತೆ ನೋಡಿದರೆ ಮಾಡಲಿಲ್ಲ. ಅಲ್ಲಿಗೇ ಕೈಬಿಡಬಹುದಿತ್ತು, ಅಲ್ವಾ? ತೂ ಬಿಡಲಿಲ್ಲ, ಮತ್ತೆ ಗ್ರಂಥ ತೆರೆದರು. ಸುಮಾರು 1600 ವರ್ಷ ಹಿಂದೆ ಗ ಹೊಂಗ್ ಎಂಬಾತ ಬರೆದಿಟ್ಟಿದ್ದ: ಒಂದು ಹಿಡಿ ಚಿಂಗ್‌ಹಾವ್ ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸ ಕುಡಿಯಬೇಕು.

ಕುದಿಸಬೇಕು ಅಂತ ಇಲ್ಲವೇ ಇಲ್ಲ! ನಾವು ಕಷಾಯ ಕಾಯಿಸುವ ಹಾಗೆ ಚೀನಾದಲ್ಲೂ ಗಿಡಮೂಲಿಕೆಯನ್ನು ಕುದಿಸುವುದೇ ರೂಢಿ. ಇಲ್ಲಿ ಮಾತ್ರ ತಣ್ಣೀರು. ಬಿಸಿಗೆ ಮದ್ದಿನ ಅಂಶ ಕೆಡುತ್ತಿರಬಹುದೇ ಅಂತ ತೂ ಅವರಿಗೆ ಹೊಳೆಯಿತು. ನೀರಿನ ಬದಲು ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರವ ಬಳಸಿದರು. ಸಾರದಲ್ಲಿದ್ದ ಆಮ್ಲೀಯ ಭಾಗ ವಿಷ, ಕೆಲಸಕ್ಕೂ ಬಾರದ್ದು. ಅದನ್ನು ಬೇರ್ಪಡಿಸಿ ತೆಗೆದರು.

1971ರ ಅಕ್ಟೋಬರ್ 4. ಮಾದರಿ ಸಂಖ್ಯೆ 191. ಇಲಿಗಳಲ್ಲಿ 100ಕ್ಕೆ 100 ಫಲ! ಮನುಷ್ಯರಿಗೆ ಅಪಾಯವಿಲ್ಲವೇ ಅಂತ ತಿಳಿಯಲು ತೂ ಮತ್ತು ಸಹೋದ್ಯೋಗಿಗಳು ಮೊದಲು ತಾವೇ ಅದನ್ನು ಸೇವಿಸಿದರು. 1972ರಲ್ಲಿ ಶುದ್ಧ ಅಂಶ ಸಿಕ್ಕಿತು. ಅದೇ ಆರ್ಟೆಮಿಸಿನಿನ್. 2015ರಲ್ಲಿ ತೂ ಅವರಿಗೆ ನೊಬೆಲ್.

ನನ್ನ ಮಟ್ಟಿಗೆ, ಒಂದು ಸಾರ ಸೋತರೆ ಗಿಡ ಸೋತಿತು ಅನ್ನುವ ಮೊದಲು ಕೇಳಬೇಕಾದ್ದು ಇಷ್ಟು: ಯಾವ ಭಾಗ, ಯಾವ ದ್ರವ, ಎಷ್ಟು ಬಿಸಿ?

[ಪರದೆಯಲ್ಲಿ: ಗೆದ್ದ ಸಾರವೆಲ್ಲ ಔಷಧಿಯಲ್ಲ]

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಅಡಿಕೆ ಚೊಗರಿನಲ್ಲಿರುವಂಥ ಟ್ಯಾನಿನ್‌ಗಳು ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು, ಪರೀಕ್ಷೆಯಲ್ಲಿ ಸುಳ್ಳು ಫಲ ತೋರಿಸುತ್ತವೆ. ಅಂಟುವಾಳದ ನೊರೆ ಅಂಶ ಜೀವಕೋಶವನ್ನೇ ಒಡೆಯುತ್ತದೆ. ಹಾಗಾಗಿ ರೋಗಾಣು ಸತ್ತರೆ ಸಾಲದು, ನಮ್ಮ ಜೀವಕೋಶ ಉಳಿಯಬೇಕು. ಸಾರದಲ್ಲಿ ಮೊದಲೇ ಗೊತ್ತಿರುವ ಅಂಶ ಇದೆಯೇ ಅಂತ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅಂದರೆ ಅಣುಗಳ ತೂಕ ಅಳೆದು ಗುರುತಿಸುವ ಯಂತ್ರದಲ್ಲಿ, ನೋಡುತ್ತಾರೆ. ಹಾಗೆ ನೋಡದಿದ್ದರೆ ಸುಮ್ನೆ ವರ್ಷಗಟ್ಟಲೆ ಹಳೆಯದನ್ನೇ ಹುಡುಕಿದಂತೆ.

ಕೊನೆಯದು, ನಮಗೆ ಹತ್ತಿರದ್ದು. ಆ ಗಿಡ ಬೇಕಾದಷ್ಟು ಸಿಗುತ್ತದೆಯೇ? ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಇದೆ. ಕ್ಯಾನ್ಸರ್ ಔಷಧಿಗಳಾದ ಇರಿನೋಟೆಕಾನ್, ಟೋಪೋಟೆಕಾನ್‌ಗಳ ಮೂಲ ಇದೇ ಅಂಶ. ಅದಕ್ಕಾಗಿ ಈ ಮರಗಳನ್ನು ಜಾಸ್ತಿ ಕಡಿದರು. ಯಾವ ಮರದಲ್ಲಿ ಈ ಅಂಶ ಹೆಚ್ಚಿದೆ, ಮರದೊಳಗಿನ ಶಿಲೀಂಧ್ರದಿಂದಲೇ ಪಡೆಯಬಹುದೇ ಅಂತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಹುಡುಕಿದ್ದಾರೆ. ಮುಂದಿನ ವಿಡಿಯೋ ಪೂರ್ತಿ ಆ ಮರದ ಮೇಲೆಯೇ.