ಎರಡು ಗುಡ್ಡ, ನಡುವೆ ಸೂರ್ಯ

ಕೇಳುಗರಿಗೆ ಶರಣು.

ಏಳೆಂಟು ವರ್ಷದ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು, ನಿನಗೆ ಬೇಕಾದ ಚಿತ್ರ ಬರಿ ಅನ್ನಿ. ಬಹಳ ಸಲ ಬರುವುದು ಒಂದೇ ಚಿತ್ರ. ತ್ರಿಕೋನದಂಥ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಡೊಂಕು ಹೊಳೆ, ದಂಡೆಯ ಮೇಲೊಂದು ತೆಂಗಿನ ಮರ. ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯ ಹಳ್ಳಿಯ ಶಾಲೆಯ ಕಿಟಕಿಯಲ್ಲಿ ನಿಂತು ನೋಡಿದರೆ ಗುಡ್ಡವೂ ಇಲ್ಲ, ತೆಂಗೂ ಇಲ್ಲ. ಕಣ್ಣು ಹಾಯುವಷ್ಟು ದೂರ ಕರಿ ಹೊಲ, ತೊಗರಿ ಸಾಲು, ಬದುವಿನ ಮೇಲೆ ಬೇವು, ಜಾಲಿ. ಆದರೂ ಮಗು ಗುಡ್ಡವನ್ನೇ ಬರೆಯುತ್ತದೆ. ಯಾರೋ ಒಮ್ಮೆ ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಅದು ಬಾಯಿಪಾಠ ಮಾಡಿಕೊಂಡಿದೆ. ಚಿತ್ರ ಚೆಂದವಾಗಿಯೇ ಇರಬಹುದು. ಬರೆಯುವಾಗ ಮಗು ಏನನ್ನೂ ನೋಡಿರುವುದಿಲ್ಲ, ಏನನ್ನೂ ತೀರ್ಮಾನಿಸಿರುವುದಿಲ್ಲ.

ಮಕ್ಕಳ ಕಲೆಯಿಂದ ಬರುವ ಲಾಭವೆಲ್ಲ ಈ ಎರಡರಲ್ಲೇ ಇದೆ: ನೋಡುವುದು, ತಾನೇ ತೀರ್ಮಾನಿಸುವುದು. ಜೊತೆಗೆ ಕೈಗೆ ಸಿಗುವ ಕಸುವು. ಚಿತ್ರ ಬರೆಸಿದರೆ ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೆನ್ಸಿಲ್ ಹಿಡಿಯುವ ಬೆರಳು, ಎರಡೂ ಕೈ ಕೂಡಿ ಮಾಡುವ ಕೆಲಸ, ಒಂದು ಕೆಲಸದ ಮೇಲೆ ಅರ್ಧ ತಾಸು ಕೂರುವ ತಾಳ್ಮೆ, ಕೆಟ್ಟದ್ದನ್ನು ಮತ್ತೆ ಮಾಡುವ ಧೈರ್ಯ, ಇವು ಮಾತ್ರ ಖಂಡಿತ ಬರುತ್ತವೆ.

ಮೊದಲು ವಯಸ್ಸಿನ ಮಾತು. ಸುಮಾರು ಒಂದೂವರೆ ವರ್ಷಕ್ಕೆ ಮಗು ಬಣ್ಣದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಗೀಚುತ್ತದೆ. 2 ವರ್ಷಕ್ಕೆ ನೀವು ಎಳೆದ ಗೆರೆ ನೋಡಿ ಗೆರೆ ಎಳೆಯುತ್ತದೆ. 3ಕ್ಕೆ ವೃತ್ತ, 4ರ ಹೊತ್ತಿಗೆ ಕೂಡಿಸುವ ಗುರುತು, ನಾಲ್ಕೂವರೆಯ ಆಚೆ ಈಚೆ ಚೌಕ, 5ಕ್ಕೆ ತ್ರಿಕೋನ. ಕೆಲವು ತಿಂಗಳು ಹಿಂದೆ ಮುಂದೆ ಆಗುವುದು ಸಹಜ. ಮೂರು ನಾಲ್ಕು ವರ್ಷದಲ್ಲಿ ಬರೆಯುವ ಮನುಷ್ಯನಿಗೆ ಹೊಟ್ಟೆಯೇ ಇರುವುದಿಲ್ಲ. ದೊಡ್ಡ ತಲೆ, ತಲೆಯಿಂದಲೇ ಇಳಿದ ಎರಡು ಕಾಲು. ತಿದ್ದಲು ಹೋಗಬೇಡಿ. ಬಹುತೇಕ ಎಲ್ಲ ಕಡೆಯ ಮಕ್ಕಳೂ ಹಾಗೆಯೇ ಬರೆಯುತ್ತಾರೆ, ಹೊಟ್ಟೆ ತಾನಾಗಿ ಬರುತ್ತದೆ.

ಕೈಯ ಹಿಡಿತ ಭುಜದಿಂದ ಶುರುವಾಗಿ ಮೊಣಕೈ, ಮಣಿಕಟ್ಟು, ಕೊನೆಗೆ ಬೆರಳಿಗೆ ಇಳಿಯುತ್ತದೆ. ಅದಕ್ಕೇ ಮೂರು ವರ್ಷದ ಮಗುವಿಗೆ ನಾಲ್ಕು ಗೆರೆ ಪುಸ್ತಕ ಕೊಟ್ಟು ಅಕ್ಷರ ತಿದ್ದಿಸುವುದು ಅಡಿಪಾಯ ಹಾಕದೆ ಗೋಡೆ ಕಟ್ಟಿದ ಹಾಗೆ. ಮೊದಲು ಭುಜ ಆಡಬೇಕು, ಅದಕ್ಕೆ ದೊಡ್ಡ ಜಾಗ ಬೇಕು. ನಮ್ಮ ಭಾಗದ ಮನೆಗಳಲ್ಲಿ ಅದು ಪುಕ್ಕಟೆ ಬಿದ್ದಿದೆ: ನೆಲಕ್ಕೆ ಹಾಸಿದ ಶಹಾಬಾದಿ ಪರಸಿ. ಈ ಕಲ್ಲು ಹಲಗೆಗಿಂತ ಚಲೋ. ಸೀಮೆಸುಣ್ಣವನ್ನು ಎರಡು ತುಂಡು ಮಾಡಿ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ತುಂಡು ಕೊಡಿ. ಉದ್ದ ಇದ್ದರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳ ತುದಿ ತಾನಾಗಿ ಮುಂದೆ ಬರುತ್ತದೆ. ಮುರಿದ ಬಣ್ಣದ ಕಡ್ಡಿಗಳನ್ನು ಎಸೆಯಬಾರದು ಎನ್ನುವುದೂ ಇದಕ್ಕೇ. ಸೀಮೆಸುಣ್ಣವನ್ನು ನೀರಲ್ಲಿ ಅದ್ದಿ ಬರೆಸಿದರೆ ಪುಡಿ ಹಾರುವುದಿಲ್ಲ, ಗೆರೆ ದಟ್ಟವಾಗಿ ಮೂಡುತ್ತದೆ. ಅದ್ದಿದರೆ ಸಾಕು, ನೆನೆಸಿಟ್ಟರೆ ಹಿಟ್ಟಾಗುತ್ತದೆ. ಎಡಗೈಯಲ್ಲಿ ಬರೆಯುವ ಮಗುವಿನ ಕೈ ಬದಲಿಸಲು ಹೋಗಬೇಡಿ.

ಇನ್ನು ಮಣ್ಣು. ಜೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತಿನ ಜೋಡಿಯನ್ನು ಕೊಂಡು ತರುವುದು ಈಗ ರೂಢಿ. ಈ ಸಲ ಒಂದು ಜೋಡಿ ಪೂಜೆಗೆ ಕೊಳ್ಳಿ, ಇನ್ನೊಂದು ಜೋಡಿಯನ್ನು ಮಕ್ಕಳು ಮಾಡಲಿ. ಆದರೆ ಹೊಲದ ಎರೆಮಣ್ಣನ್ನು ಹಾಗೇ ಕಲಸಿ ಕೊಟ್ಟರೆ ಮರುದಿನ ಎತ್ತಿನ ಮೈತುಂಬ ಬಿರುಕು, ಕಾಲು ಒಂದು ಕಡೆ, ಕೋಡು ಒಂದು ಕಡೆ, ಮಗುವಿನ ಅಳು ಮತ್ತೊಂದು ಕಡೆ. ಕಾರಣ ಸರಳ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದರಿಂದಲೇ. ಉಪಾಯವೆಂದರೆ ಕುಗ್ಗದ ವಸ್ತುವನ್ನು ಸೇರಿಸುವುದು. ಒಣ ಮಣ್ಣನ್ನು ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಸೋಸಿ. 3 ಬಟ್ಟಲು ಮಣ್ಣಿಗೆ 1 ಬಟ್ಟಲು ಸಣ್ಣ ಉಸುಕು, ಒಂದು ಹಿಡಿ ಸಣ್ಣಗೆ ಕತ್ತರಿಸಿದ ಒಣಹುಲ್ಲು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಒದ್ದೆ ಗೋಣಿಚೀಲ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ರೊಟ್ಟಿ ಹಿಟ್ಟು ನಾದಿದಂತೆ ನಾದಬೇಕು. ಬೆರಳಷ್ಟು ದಪ್ಪದ ಬತ್ತಿ ಹೊಸೆದು ಬಗ್ಗಿಸಿ ನೋಡಿ: ಒಡೆದರೆ ನೀರು ಸಾಲದು, ಅಂಗೈಗೆ ಅಂಟಿದರೆ ನೀರು ಹೆಚ್ಚು.

ಎತ್ತನ್ನು ಒಂದೇ ಉಂಡೆಯಿಂದ ಎಳೆದು ತೆಗೆಯಲು ಹೇಳಿ. ದೊಡ್ಡವರ ಮುಷ್ಟಿಯಷ್ಟು ಉಂಡೆ ಸಾಕು. ಕಾಲು, ಕತ್ತು, ಹಿಣಿಲು ಎಲ್ಲ ಅದರಿಂದಲೇ ಚಿವುಟಿ ಹೊರಗೆಳೆದರೆ ಬಿಟ್ಟು ಬೀಳುವುದಿಲ್ಲ. ಕಾಲು ಮಗುವಿನ ಹೆಬ್ಬೆರಳಿಗಿಂತ ತೆಳ್ಳಗಾಗಬಾರದು. ಕೋಡನ್ನು ಅಂಟಿಸಲೇಬೇಕಾದರೆ ಕೂಡುವ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ಕೆಸರು ಸವರಿ ಒತ್ತಬೇಕು. ನುಣುಪು ಮಣ್ಣಿನ ಮೇಲೆ ನುಣುಪು ಮಣ್ಣು ಇಟ್ಟರೆ ಒಣಗಿದ ಮೇಲೆ ಉದುರುತ್ತದೆ. ಗಟ್ಟಿಯಾಗಲಿ ಎಂದು ಕಾಲಿನೊಳಗೆ ಕಡ್ಡಿ ಸಿಗಿಸುವುದು ಎಲ್ಲರೂ ಮಾಡುವ ತಪ್ಪು: ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಕಾಲು ಸೀಳುತ್ತದೆ. ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಮೂರು ನಾಲ್ಕು ದಿನ ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಇಟ್ಟರೆ ಹೊರಮೈ ಮೊದಲು ಒಣಗಿ, ಒಳಗಿನ ಹಸಿಯ ಮೇಲೆ ಬಿಗಿದು ಒಡೆಯುತ್ತದೆ.

ಒಂದು ಎಚ್ಚರಿಕೆಯ ಮಾತು, ದಯವಿಟ್ಟು ಕಿವಿಗೊಟ್ಟು ಕೇಳಿ. ಎತ್ತಿನ ಕಣ್ಣಿಗೆಂದು ಗುಲಗಂಜಿ ಕೊಡಬೇಡಿ. ಕೆಂಪು, ಕಪ್ಪು, ಹೊಳಪು, ಕಣ್ಣಿಗೆ ಹೇಳಿ ಮಾಡಿಸಿದಂತಿದೆ ನಿಜ. ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಔಡಲ ಬೀಜವೂ ಅಷ್ಟೇ ವಿಷ. ಜೋಳದ ಕಾಳು, ತೊಗರಿ ಕಾಳು ಸಾಕು. ಅದೂ ಮೂರು ವರ್ಷ ದಾಟಿದವರಿಗೆ, ನೀವು ಪಕ್ಕದಲ್ಲಿ ಕೂತಾಗ ಮಾತ್ರ. ಚಿಕ್ಕವರು ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ. ಅವರ ಎತ್ತಿಗೆ ಕಡ್ಡಿಯಲ್ಲಿ ಚುಚ್ಚಿದ ತೂತೇ ಕಣ್ಣು.

ಮಣ್ಣು ಹಿಚುಕುವ, ಚಿವುಟುವ, ಹೊಸೆಯುವ ಕೆಲಸದಿಂದ ಅಂಗೈಯ ಸಣ್ಣ ಸ್ನಾಯುಗಳು ಬಲಿಯುತ್ತವೆ. ಮುಂದೆ ಪೆನ್ಸಿಲ್ ಹಿಡಿಯುವುದು ಅವೇ. ಇನ್ನೊಂದು ತಮಾಷೆ ನೋಡಿ. ಸಮನಾದ ಎರಡು ಉಂಡೆ ಮಾಡಿ, ಮಗುವಿನ ಎದುರೇ ಒಂದನ್ನು ಉದ್ದ ಹೊಸೆದು, ಯಾವುದರಲ್ಲಿ ಮಣ್ಣು ಹೆಚ್ಚಿದೆ ಎಂದು ಕೇಳಿ. ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಉದ್ದದ್ದನ್ನೇ ತೋರಿಸುತ್ತದೆ. ಏಳರ ಹೊತ್ತಿಗೆ, ಎರಡೂ ಅಷ್ಟೇ, ನೀವು ತೆಗೆದೂ ಇಲ್ಲ, ಹಾಕಿಯೂ ಇಲ್ಲ ಎಂದು ನಿಮಗೇ ಪಾಠ ಹೇಳುತ್ತದೆ. ಇದನ್ನು ಮುಂಚೆಯೇ ಹೇಳಿಕೊಟ್ಟು ಒಪ್ಪಿಸುವ ಅವಸರ ಬೇಡ. ಕೈಗೆ ಮಣ್ಣು ಸಿಗುತ್ತಿದ್ದರೆ ಸಾಕು.

ಹಿಂಗಾರಿ ಜೋಳ ಕಟಾವಾದ ಮೇಲೆ ಸಿಗುವ ಒಣ ದಂಟಿನಿಂದ ಆಟದ ಬಂಡಿ ಮಾಡುವ ಕೆಲಸ ಎಂಟು ವರ್ಷ ದಾಟಿದವರಿಗೆ. ದಂಟಿನೊಳಗೆ ಮೆತ್ತನೆಯ ಬೆಂಡು, ಹೊರಗೆ ಗಟ್ಟಿ ಸಿಪ್ಪೆ. ಸಿಪ್ಪೆ ಸುಲಿಯುವ ಕೆಲಸ ದೊಡ್ಡವರದು, ಅದರ ಅಂಚು ಬ್ಲೇಡಿನಷ್ಟೇ ಹರಿತ. ಬೆಂಡನ್ನು ನಾಲ್ಕು ಬೆರಳು ಅಗಲದ ಅಳತೆಗೆ ತುಂಡು ಮಾಡಿ, ಸಿಪ್ಪೆಯ ಸಣ್ಣ ಸಿಬಿರುಗಳೇ ಮೊಳೆ. ನೇರವಾಗಿ ಚುಚ್ಚಿದರೆ ಬೆಂಡು ಸೀಳುತ್ತದೆ. ಮೊದಲು ಜಾಲಿ ಮುಳ್ಳಿನಿಂದ ತೂತು ಮಾಡಿಕೊಂಡು ತಿರುವುತ್ತ ಸಿಗಿಸಬೇಕು. ದಂಟು ಹಸಿ ಇದ್ದರೆ ಒಣಗಿದ ಮೇಲೆ ಮೊಳೆ ಸಡಿಲ, ಹಳೆಯದಾದರೆ ಬೆಂಡು ಪುಡಿ. ಬಂಡಿಗೆ ಕೈ ಹಾಕುವ ಮೊದಲು ಒಂದು ಚೌಕಟ್ಟು ಮಾಡಿಸಿ. ನಾಲ್ಕು ತುಂಡಿನ ಚೌಕ ಹಿಡಿದು ಒತ್ತಿದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಸಿಬಿರು ಹಾಕಿದ ಕೂಡಲೇ ಅಲುಗದೆ ನಿಲ್ಲುತ್ತದೆ. ಯಾಕೆ ಎಂದು ನೀವು ಹೇಳಬೇಡಿ. ಈಗ ಅದರೊಳಗೆ ಎಷ್ಟು ತ್ರಿಕೋನ ಅವ, ಎಣಿಸು ಅನ್ನಿ. ಕಬ್ಬಿಣದ ಸೇತುವೆಯನ್ನು ಮಗು ಮುಂದೆ ಬೇರೆ ಕಣ್ಣಿನಿಂದ ನೋಡುತ್ತದೆ.

ಮಳೆ ಬಂದು ಹೊರಗೆ ಹೋಗಲಾಗದ ದಿನಕ್ಕೆ ಬೀದರಿನ ನೆನಪಿನ ಒಂದು ಕೆಲಸ. ಬಿದರಿ ಪಾತ್ರೆಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಅದರಲ್ಲಿ ಕೊರೆದ ಗೆರೆಗೆ ಬೆಳ್ಳಿ ತಂತಿ ಕೂಡಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕಾಗದದ ಮೇಲೆ ಇದರ ತಿರುಗುಮುರುಗು ಮಾಡೋಣ. A4 ಅಳತೆಯ ದಪ್ಪ ಡ್ರಾಯಿಂಗ್ ಹಾಳೆಯ ಕಾಲು ಭಾಗ, ಅಂದರೆ ಪೋಸ್ಟ್ ಕಾರ್ಡಿನಷ್ಟು ಸಾಕು. ಇಡೀ ಹಾಳೆ ಕೊಟ್ಟರೆ ಬಣ್ಣ ತುಂಬುವುದರಲ್ಲೇ ಐದಾರು ವರ್ಷದವರ ಕೈ ಸೋಲುತ್ತದೆ. ಬಿಳಿ, ಹಳದಿಯಂಥ ತಿಳಿ ಬಣ್ಣದ ಮೇಣದ ಕಡ್ಡಿಯಿಂದ ಒಂದಿಷ್ಟೂ ಖಾಲಿ ಬಿಡದೆ ಒತ್ತಿ ತುಂಬಬೇಕು. ಅದರ ಮೇಲೆ ಕಪ್ಪು ಪೋಸ್ಟರ್ ಬಣ್ಣ. ಮೇಣ ನೀರನ್ನು ಒಲ್ಲದು, ಬಣ್ಣ ಹನಿ ಹನಿಯಾಗಿ ಜಾರುತ್ತದೆ. ಅದಕ್ಕೆ 1 ಚಮಚ ಬಣ್ಣಕ್ಕೆ 2 ಹನಿ ಪಾತ್ರೆ ತೊಳೆಯುವ ಸಾಬೂನು ನೀರು. ಬೇರೆ ನೀರು ಬೇಡ. ಅರ್ಧ ತಾಸು ಒಣಗಿಸಿ ಇನ್ನೊಂದು ಸಲ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಖಾಲಿಯಾದ ಬಾಲ್‌ಪೆನ್ನಿನಿಂದ ಕೆರೆದು ಬಳ್ಳಿ, ಹೂ, ಏನು ಬೇಕೋ ಅದು. ಮೇಣ ತೆಳುವಾದ ಕಡೆ ಕಪ್ಪು ನೇರ ಕಾಗದಕ್ಕೆ ಇಳಿದಿರುತ್ತದೆ, ಎಷ್ಟು ಕೆರೆದರೂ ಬಿಡುವುದಿಲ್ಲ. ಜೋರಾಗಿ ಒತ್ತಿದರೆ ಕಾಗದ ಹರಿಯುತ್ತದೆ, ಹಗುರ ಒತ್ತಿದರೆ ಗೆರೆ ಮೂಡದು. ಈ ಒತ್ತಡದ ಹದ ಕಲಿಯಲಿ ಎಂದೇ ಈ ಕೆಲಸ.

ಅಂಟಿಸುವ ಕೆಲಸಕ್ಕೆ ಮೈದಾ ಅಂಟು ಸಾಕು: 2 ಚಮಚ ಮೈದಾವನ್ನು ಅರ್ಧ ಬಟ್ಟಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ, ಹೊಳಪು ಬಂದಾಗ ಇಳಿಸಿ. ಬೇಸಿಗೆಯಲ್ಲಿ ಮರುದಿನಕ್ಕೆ ಹುಳಿ ಬರುತ್ತದೆ. ಕೆಡದಿರಲೆಂದು ಮೈಲುತುತ್ತ ಹಾಕುವ ಹಳೆಯ ಪದ್ಧತಿ ಮಕ್ಕಳ ಕೈಗೆ ಸಲ್ಲದು, ಅದು ವಿಷ. ದಿನಕ್ಕೆ ಬೇಕಾದಷ್ಟೇ ಮಾಡಿ.

ಇಷ್ಟೆಲ್ಲ ನಡೆಯುವಾಗ ದೊಡ್ಡವರ ಬಾಯಿ ಏನು ಮಾಡಬೇಕು? ಇದೇನಿದು, ಎಮ್ಮೆನಾ ಕತ್ತೆನಾ ಎಂದು ಕೇಳಿದರೆ ಮಗು ಸೋತಂತೆ. “ಹೇಳು ತಮ್ಮಾ, ಇದ್ರಾಗ ಏನೇನು ನಡದದ?” ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಚಿತ್ರದಲ್ಲಿ ಇಲ್ಲದ ಅರ್ಧ ಕಥೆ ಮಾತಿನಲ್ಲಿ ಬರುತ್ತದೆ, ಭಾಷೆ ಬೆಳೆಯುವುದು ಅಲ್ಲಿ. ಬಹಳ ಚೆಂದ ಅದ ಎಂಬ ಮಾತನ್ನು ಪ್ರತಿ ಗೆರೆಗೂ ಖರ್ಚು ಮಾಡಬೇಡಿ. ಎತ್ತಿನ ಕೊರಳಿಗೆ ಗೆಜ್ಜೆ ಹಾಕೀದಿ ಎಂದು ಕಂಡದ್ದನ್ನು ಕಂಡಂತೆ ಹೇಳಿದರೆ, ಯಾರೋ ತನ್ನ ಕೆಲಸವನ್ನು ನೋಡಿದರು ಎಂದು ಮಗುವಿಗೆ ಗೊತ್ತಾಗುತ್ತದೆ. ಮಗುವಿನ ಕೈಯಿಂದ ಕುಂಚ ಕಿತ್ತುಕೊಂಡು ನೀವೇ ಮುಗಿಸಿದ ಚಿತ್ರಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬಂದರೆ, ಅದನ್ನು ನೀವೇ ಹೋಗಿ ಇಸಿದುಕೊಳ್ಳಿ.

ನಾಲ್ಕು ತುಂಬಿದರೂ ಮಗು ವೃತ್ತ ಬರೆಯಲು ಒದ್ದಾಡುತ್ತಿದ್ದರೆ, ಕಡ್ಡಿ ಹಿಡಿಯಲು ಆಗದಿದ್ದರೆ, ಅಥವಾ ಒಂದೇ ಕೈ ಬಳಸಿ ಇನ್ನೊಂದನ್ನು ಸದಾ ಮಡಚಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬೆಳವಣಿಗೆಯ ತೊಡಕನ್ನೂ ತಪಾಸಣೆ ಮಾಡುತ್ತದೆ. ಅವರಿಗೆ ಮಗು ಬರೆದ ಹಾಳೆಗಳನ್ನೇ ತೋರಿಸಬಹುದು.

ಹಾಳೆಗಳ ಮಾತು ಬಂತು. ಎಲ್ಲವನ್ನೂ ಕಾಯ್ದಿಡಲು ಆಗದು, ಮೈದಾ ಅಂಟಿನ ಕಾಗದವನ್ನು ಗೆದ್ದಲು, ಇಲಿ ಬಿಡುವುದಿಲ್ಲ. ತಿಂಗಳಿಗೊಂದು ಹಾಳೆ ಆರಿಸಿ, ಹಿಂದೆ ತಾರೀಖು ಬರೆದು, ಮಗು ಹೇಳಿದ ಒಂದು ವಾಕ್ಯವನ್ನು ಅದರ ಮಾತಿನಲ್ಲೇ ಬರೆದಿಡಿ. ಮಣ್ಣೆತ್ತುಗಳಿಗೆ ಆ ಕಷ್ಟವೂ ಇಲ್ಲ. ಬಣ್ಣ ಬಳಿಯದಿದ್ದರೆ ಬಕೆಟ್ ನೀರಲ್ಲಿ ಮುಳುಗಿಸಿಡಿ. ಒಣ ಮಣ್ಣು ಬುಳುಬುಳು ಗುಳ್ಳೆ ಬಿಡುತ್ತ ಕರಗುವುದನ್ನು ಮಕ್ಕಳು ಎವೆಯಿಕ್ಕದೆ ನೋಡುತ್ತಾರೆ. ಮರುದಿನ ಮೇಲಿನ ನೀರು ಬಸಿದರೆ ಅದೇ ಮಣ್ಣು, ಉಸುಕು ಬೆರೆತೇ ಇದೆ, ನಾದಿದರೆ ಆಯಿತು.

ನಮಸ್ಕಾರ.