ಮೂಳೆಯನ್ನೇ ಉಂಡು ಬದುಕುವ ಹಕ್ಕಿ

ಕೇಳುಗರಿಗೆ ನಮಸ್ಕಾರ. ಮೈಸೂರಿನವರಾದ ನಮಗೆ ಬೆಟ್ಟವೆಂದರೆ ಚಾಮುಂಡಿ ಬೆಟ್ಟ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 1,060 ಮೀಟರು. ಅದರ ಎರಡು ಪಟ್ಟು, ಕೆಲವೆಡೆ ನಾಲ್ಕು ಪಟ್ಟು ಎತ್ತರದಲ್ಲಿ, ಹಿಮಾಲಯದ ಕಡಿದಾದ ಬಂಡೆಗಳಲ್ಲಿ ನೆಲೆಸುವ ಗಡ್ಡದ ರಣಹದ್ದಿನ ಬಗ್ಗೆ ಈ ಹೊತ್ತು ಮಾತನಾಡಬಯಸುತ್ತೇನೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳನ್ನು ಕಂಡವರು ಇದನ್ನೂ ಅದೇ ರೂಪದಲ್ಲಿ ಊಹಿಸಿಕೊಳ್ಳಬಾರದು. ಇದರ ತಲೆ, ಕುತ್ತಿಗೆಗಳು ಬೋಳಲ್ಲ, ಗರಿ ತುಂಬಿಕೊಂಡಿವೆ. ಕೊಕ್ಕಿನ ಬುಡದಿಂದ ಕಪ್ಪು ಕುಚ್ಚೊಂದು ಗಡ್ಡದಂತೆ ಇಳಿಬಿದ್ದಿದೆ. ಬಿಚ್ಚಿದ ರೆಕ್ಕೆಗಳ ಹರವು ಎರಡೂವರೆ ಮೀಟರಿನಷ್ಟಿದೆ.

ಇತರ ಹದ್ದುಗಳು ಮಾಂಸ ಮುಗಿಸಿ ಎದ್ದ ಮೇಲೆ ಇದರ ಸರದಿ. ಇದರ ಆಹಾರದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಮೂಳೆಯೇ. ಸಣ್ಣ ಮೂಳೆಯನ್ನು ಇಡಿಯಾಗಿ ನುಂಗುತ್ತದೆ. ನುಂಗಲಾರದಷ್ಟು ದೊಡ್ಡದಾದರೆ ಕಾಲುಗಳಲ್ಲಿ ಹಿಡಿದು ಮೇಲೇರಿ, 50 ಮೀಟರಿಗೂ ಮಿಗಿಲಾದ ಎತ್ತರದಿಂದ, ತಾನು ಗೊತ್ತುಮಾಡಿಕೊಂಡ ಹಾಸುಬಂಡೆಯ ಮೇಲೆಯೇ ಬೀಳುವಂತೆ ಬಿಡುತ್ತದೆ. ಒಡೆಯದಿದ್ದರೆ ಬೇಸರಿಸದೆ ಇಳಿದು, ಎತ್ತಿಕೊಂಡು, ಮತ್ತೆ ಮೇಲೇರುತ್ತದೆ. ಈ ಗುರಿ ಕೈಗೂಡಲು ಎಳೆಯ ಹಕ್ಕಿಗೆ ವರ್ಷಗಳ ಅಭ್ಯಾಸ ಬೇಕು. ಒಡೆದ ಮೂಳೆಯೊಳಗಿನ ಮಜ್ಜೆಯಷ್ಟೇ ಅಲ್ಲ, ಚೂಪಾದ ಚೂರುಗಳೂ ಹೊಟ್ಟೆ ಸೇರುತ್ತವೆ. ಅಲ್ಲಿನ ಆಮ್ಲ ಎಷ್ಟು ತೀಕ್ಷ್ಣವೆಂದರೆ ಅವೆಲ್ಲ ಒಂದು ದಿನದೊಳಗೆ ಕರಗುತ್ತವೆ. ಇಷ್ಟು ಸಜ್ಜಾದ ದೇಹವನ್ನು ಬೇರೆ ಯಾವ ಹಕ್ಕಿಯಲ್ಲೂ ನಾನು ಅರಿಯೆ.

ಇದರ ಎದೆಯ ಕೆಂಗಂದು ಹುಟ್ಟಿನಿಂದ ಬಂದ ಬಣ್ಣವಲ್ಲ. ಕಬ್ಬಿಣದ ಅಂಶವಿರುವ ಕೆಸರಿನಲ್ಲಿ ಮಿಂದು, ಆ ಕೆಮ್ಮಣ್ಣನ್ನು ಹಕ್ಕಿ ತಾನೇ ಗರಿಗಳಿಗೆ ಹಚ್ಚಿಕೊಳ್ಳುತ್ತದೆ. ಅಂಥ ಮಣ್ಣು ಸಿಗದ ಪಂಜರದಲ್ಲಿ ಬೆಳೆದರೆ ಎದೆ ಬೆಳ್ಳಗೇ ಉಳಿಯುತ್ತದೆ.

ಕೊರೆಯುವ ಚಳಿಗಾಲದಲ್ಲೇ ಹೆಣ್ಣು ಒಂದೋ ಎರಡೋ ಮೊಟ್ಟೆಯಿಡುತ್ತದೆ. ಎಂಟು ವಾರಗಳ ಕಾವಿನ ನಂತರ ಎರಡು ಮರಿಗಳು ಹೊರಬಂದರೂ, ಉಳಿಯುವುದು ಸಾಮಾನ್ಯವಾಗಿ ಒಂದೇ. ಅದು ಗೂಡು ಬಿಡಲು ನಾಲ್ಕು ತಿಂಗಳು ಹಿಡಿಯುತ್ತದೆ. ಹೀಗೆ ನಿಧಾನವಾಗಿ ಹೆಚ್ಚುವ ಸಂತತಿ ಬಂದೂಕನ್ನೂ ವಿಷವನ್ನೂ ತಾಳಲಾರದು.

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಆದದ್ದು ಅದೇ. ಕುರಿಮರಿಗಳನ್ನೂ ಮಕ್ಕಳನ್ನೂ ಹೊತ್ತೊಯ್ಯುತ್ತದೆಂದು ಈ ನಿರುಪದ್ರವಿ ಹಕ್ಕಿಯ ಮೇಲೆ ಆರೋಪ ಹೊರಿಸಿ, ಕೊಂದವರಿಗೆ ಬಹುಮಾನ ಕೊಟ್ಟರು; 20ನೆಯ ಶತಮಾನದ ಆರಂಭದ ವೇಳೆಗೆ ಅಲ್ಲಿ ಅದು ಇಲ್ಲವಾಯಿತು. 1986ರಲ್ಲಿ ಆಸ್ಟ್ರಿಯಾದಲ್ಲಿ, ಸಾಕಿದ ಮರಿಗಳನ್ನು ಬಂಡೆಗಳಲ್ಲಿ ಬಿಡುವ ಕೆಲಸ ಆರಂಭವಾಯಿತು. ಹಾಗೆ ಬಿಟ್ಟ ಹಕ್ಕಿಗಳು ತಾವೇ ಗೂಡು ಕಟ್ಟಿ, ಮೊದಲ ಮರಿಯನ್ನು ಬೆಳೆಸಿದ್ದು 1997ರಲ್ಲಿ, ಫ್ರಾನ್ಸಿನ ಆಲ್ಪ್ಸ್ ಭಾಗದಲ್ಲಿ.